ಒಂಬತ್ತು ಹಲ್ಲಿನ ಜೀಪು

ಗೌಡನ ಜೀಪು ಮನೆಗೆ ಬಂದದ್ದು ಲಾರಿಯ ಮೇಲೆ ಕೂತು. "ಗಾಡಿ ಓಡ್ತಾ ಬರುತ್ತೆ" ಎಂದು ಮಾರಿದವನು ಹೇಳಿದ್ದನಂತೆ. ಓಡುತ್ತಲೇ ಬಂತು, ಇಲ್ಲ ಅನ್ನುವ ಹಾಗಿಲ್ಲ. ಓಡಿದ್ದು ಲಾರಿ, ಅಷ್ಟೇ.

ಸಕಲೇಶಪುರದ ಕಡೆ ಭಾನುವಾರ ಸಂಜೆ ನಮಗೆ ಬೇರೆ ಕೆಲಸ ಇರುವುದಿಲ್ಲ. ಗೌಡನ ಕಾಫಿ ಕಣದಲ್ಲಿ ಸೇರುತ್ತೇವೆ. ರಿಟೈರಾದ ಮೇಷ್ಟ್ರು, ಲಾಯರು, ನಾನು. ಜೊತೆಗೆ ಹವಾಲ್ದಾರ್ ಮಾವ. ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಗಾಡಿ ರಿಪೇರಿ ಮಾಡಿ ಬಂದ ಮನುಷ್ಯ. ಮಾತು ಕಮ್ಮಿ, ಸ್ಪ್ಯಾನರ್ ಜಾಸ್ತಿ.

"1942ರ ವಿಲ್ಲೀಸ್ ಕಣ್ರಯ್ಯಾ! ಅಮೆರಿಕದ ಮಿಲಿಟರಿ ಜೀಪು. ಬರ್ಮಾ ಯುದ್ಧ ನೋಡಿದೆ," ಎಂದ ಗೌಡ.

"ಯುದ್ಧ ನೋಡಿರೋದು ಗೊತ್ತಾಗ್ತಿದೆ. ಸೋತಿರೋದೂ ಗೊತ್ತಾಗ್ತಿದೆ," ಎಂದರು ಲಾಯರು.

ಎಷ್ಟು ಕೊಟ್ಟೆ ಎಂದರೆ ಗೌಡ ನಮಗೊಂದು ಲೆಕ್ಕ ಹೇಳಿದ. ಅತ್ತಿಗೆ ಕಾಫಿ ತಂದಾಗ ಇನ್ನೊಂದು ಲೆಕ್ಕ ಹೇಳಿದ. ಎರಡರ ನಡುವೆ ಒಂದು ಹೊಸ ಸ್ಕೂಟರ್ ಬರುವಷ್ಟು ಅಂತರ ಇತ್ತು.

ಹವಾಲ್ದಾರ್ ಮಾವ ಜೀಪಿನ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಎತ್ತು ಕೊಳ್ಳುವಾಗ ಹಲ್ಲು ನೋಡಲ್ವೇನೋ ಗೌಡ? ರೇಡಿಯೇಟರ್ ಮುಂದಿನ ಸೀಳು ಎಣಿಸು."

ಗೌಡ ಬೆರಳಿಟ್ಟು ಎಣಿಸಿದ. ಏಳು. ಬಲಗಡೆಯಿಂದ ಶುರು ಮಾಡಿ ಇನ್ನೊಂದು ಸಲ ಎಣಿಸಿದ. ಆಗಲೂ ಏಳೇ.

"ಯುದ್ಧದ ಜೀಪಲ್ಲಿ ಮೊದಮೊದಲಿನವಕ್ಕೆ ಕಂಬಿ ಬೆಸೆದ ಜಾಲರಿ. ಆಮೇಲಿನವಕ್ಕೆ ತಗಡಲ್ಲಿ ಒಂಬತ್ತು ಸೀಳು. ಯುದ್ಧ ಮುಗಿದ ಮೇಲೆ ಜನಕ್ಕೆ ಅಂತ ಮಾಡಿದ್ದಕ್ಕೆ ದೊಡ್ಡ ಹೆಡ್‌ಲೈಟ್ ಕೂರಿಸಿದ್ರು, ಏಳಾಯ್ತು."

"ವಯಸ್ಸಾಗಿದೆ ಅಲ್ವಾ, ಎರಡು ಉದುರಿರಬಹುದು," ಎಂದರು ಮೇಷ್ಟ್ರು.

ಮಾವ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಪಕ್ಕದ ಬಾಡಿಗೆ ಅಂಟಿಸಿದರು. ಟಪ್ ಎಂದು ಕೆಳಗೆ ಬಿತ್ತು. ಇನ್ನೊಂದು ಕಡೆ ಇಟ್ಟರು. ಅಲ್ಲೂ ಟಪ್. "ಇದು ತಗಡಲ್ಲ, ಪುಟ್ಟಿ. ದೋಸೆ ಹಿಟ್ಟು ಹುಯ್ದ ಹಾಗೆ ಹುಯ್ದಿದಾರೆ."

ಆಮೇಲೆ ಹೆಡ್‌ಲೈಟ್ ಹಿಡಿದು ಅಲ್ಲಾಡಿಸಿದರು. ಅಸಲಿ ಯುದ್ಧದ ಜೀಪಲ್ಲಿ ಹೆಡ್‌ಲೈಟಿಗೆ ಕೀಲು ಇರುತ್ತದೆ. ಒಂದು ನಟ್ಟು ಸಡಿಲಿಸಿ ಹಿಂದಕ್ಕೆ ಮಗುಚಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತದೆ, ಕತ್ತಲಲ್ಲಿ ರಿಪೇರಿ ಮಾಡಬಹುದು. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುತ್ತದೆ. ಪೆಟ್ರೋಲ್ ಹಾಕಿಸಬೇಕಾದರೆ ಡ್ರೈವರ್ ಎದ್ದು ನಿಲ್ಲಬೇಕು. "ಈಗಿನ ರೇಟಿಗೆ ಎದ್ದು ನಿಲ್ಲೋದೇ ಸರಿ," ಎಂದರು ಲಾಯರು. ಗೌಡನ ಜೀಪಲ್ಲಿ ಹೆಡ್‌ಲೈಟ್ ಮಗುಚಲಿಲ್ಲ, ಕೈಗೇ ಬಂತು. ಸೀಟಿನ ಕೆಳಗೆ ಟ್ಯಾಂಕ್ ಬದಲು ಹಗ್ಗದಲ್ಲಿ ಕಟ್ಟಿದ ಪ್ಲಾಸ್ಟಿಕ್ ಕ್ಯಾನು ಇತ್ತು.

ಬಾನೆಟ್ ಎತ್ತಿದೆವು. ವಿಲ್ಲೀಸಿನದು 2199 ಸಿಸಿಯ, 60 ಕುದುರೆ ಬಲದ ಪೆಟ್ರೋಲ್ ಎಂಜಿನ್. 'ಗೋ ಡೆವಿಲ್' ಅಂತ ಅದರ ಹೆಸರು. ಇಲ್ಲಿ ಕೂತಿದ್ದದ್ದು ಡೀಸೆಲ್. ಮಹೀಂದ್ರದ ಎಂಎಂ 540ರಲ್ಲಿ ಬರುತ್ತಿತ್ತಲ್ಲ, ಆ ಪ್ಯೂಜೊ ಎಂಜಿನ್. ನಮ್ಮ ಮಲೆನಾಡಲ್ಲಿ ಇದೇನೂ ಹೊಸದಲ್ಲ. ಪೆಟ್ರೋಲ್ ಜೀಪನ್ನು ಸಾಕಲಾರದೆ ಡೀಸೆಲ್ ಹಾಕಿಸಿದವರು ಎಷ್ಟೋ ಜನ. ಗೌಡನ ಅಪ್ಪನೂ ಅವರಲ್ಲೊಬ್ಬರು.

ಮಹೀಂದ್ರ ಎಂದ ಕೂಡಲೇ ಮೇಷ್ಟ್ರಿಗೆ ಕ್ಲಾಸ್ ತೆಗೆದುಕೊಳ್ಳುವ ಹುಕಿ ಬಂತು. 1945ರಲ್ಲಿ ಶುರುವಾದಾಗ ಅದು ಮಹೀಂದ್ರ ಅಂಡ್ ಮೊಹಮ್ಮದ್. 1947ರಿಂದ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದರು. ಅಷ್ಟರಲ್ಲಿ ದೇಶ ಪಾಲಾಯಿತು. ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಇಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು.

"ಪಾರ್ಟ್ನರ್ ಹೋದ್ರೂ ಎರಡು ಎಂ ಹಾಗೇ ಉಳೀತು ನೋಡಿ," ಎಂದು ಮೇಷ್ಟ್ರು ಮುಗಿಸುವಷ್ಟರಲ್ಲಿ ಹವಾಲ್ದಾರ್ ಮಾವ ಕಾಣಿಸಲಿಲ್ಲ. ಜೀಪಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಸೀಮೆಎಣ್ಣೆ ಕೊಡ್ರೋ, ವೈರ್ ಬ್ರಷ್ಷೂ ಕೊಡಿ."

ಕೊಟ್ಟೆವು. ಹತ್ತು ನಿಮಿಷ ಗರಗರ ಸದ್ದು. ಒಣಗಿದ ಗ್ರೀಸು ಕರಿ ಬೆಲ್ಲದ ಹಾಗೆ ಉಂಡೆ ಉಂಡೆಯಾಗಿ ಬಿತ್ತು. ಮಾವ ಹೊರಗೆ ಬಂದಾಗ ಮುಖ ಕಪ್ಪಗಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಗೌಡಾ, ಮುಂದಿನ ಅಡ್ಡಪಟ್ಟಿ ಬಗ್ಗಿ ನೋಡು. ವಿಲ್ಲೀಸ್ ಆಗಿದ್ರೆ ದುಂಡು ಪೈಪು ಇರ್ತಿತ್ತು. ಇದು ಚೌಕ. ಈ ಚಾಸಿ, ಅಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟು, ಫೋರ್ಡ್ ಕಂಪನಿದು. ಅಸಲಿ ಯುದ್ಧದ್ದು!"

ಆಗ ಜೀಪಿಗೆ ಅಷ್ಟು ಬೇಡಿಕೆ. ವಿಲ್ಲೀಸ್ ಒಬ್ಬರಿಂದ ಆಗದೆ ಫೋರ್ಡಿಗೂ ಮಾಡಲು ಕೊಟ್ಟರು. 1941ರಿಂದ 45ರೊಳಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮೀರಿ ಮಾಡಿದರು. ಫೋರ್ಡ್‌ನವರು ತಮ್ಮ ಬಿಡಿಭಾಗಗಳ ಮೇಲೆಲ್ಲ 'ಎಫ್' ಅಕ್ಷರ ಒತ್ತುತ್ತಿದ್ದರು. ನಮ್ಮವರು ಮದುವೆ ಪಾತ್ರೆ ಮೇಲೆ ಹೆಸರು ಕೊರೆಸಿದ ಹಾಗೆ. ಮಾವ ಬಂಪರಿನಿಂದ ಒಂದು ಬೋಲ್ಟು ಬಿಚ್ಚಿ, ಲುಂಗಿಯಲ್ಲಿ ಒರೆಸಿ ಗೌಡನ ಅಂಗೈ ಮೇಲಿಟ್ಟರು. ತಲೆಯ ಮೇಲೆ ಪುಟ್ಟ ಎಫ್. ನಾವೆಲ್ಲ ಸರದಿಯಲ್ಲಿ ಮುಟ್ಟಿ ನೋಡಿದೆವು. ಸುಳ್ಳು ಯಾಕೆ, ನನಗೂ ಒಂಥರಾ ಆಯಿತು.

"ಚಾಸಿ ಅಮೆರಿಕ, ಎಂಜಿನ್ ಮೂಲ ಫ್ರಾನ್ಸು, ಬಾಡಿ ನೋಡಿದ್ರೆ ಹರಿಯಾಣದ ಮಂಡಿ ಡಬ್ವಾಲಿ ಕಡೆ ಬಡಿದ ಹಾಗಿದೆ, ಕ್ಯಾನು ನಮ್ಮ ಸಂತೇದು. ಇದು ಜೀಪಲ್ಲ ಮಾರಾಯ, ವಿಶ್ವಸಂಸ್ಥೆ," ಎಂದರು ಮೇಷ್ಟ್ರು.

ಲಾಯರು ಅಷ್ಟು ಹೊತ್ತೂ ಆರ್‌ಸಿ ಓದುತ್ತಿದ್ದರು. "ಇದರ ಪ್ರಕಾರ ನಿನ್ನ ಗಾಡಿ ಪೆಟ್ರೋಲ್ ಕುಡಿಯುತ್ತೆ ಗೌಡ್ರೇ. ಎಂಜಿನ್ ನಂಬರೂ ಬೇರೆ."

"ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸ್ತೀನಿ ಬಿಡಿ."

"ಮಾಡಿಸು. 2021ರಲ್ಲಿ ರೂಲ್ಸ್ ಬಂದಿದೆ. ಐವತ್ತು ವರ್ಷ ದಾಟಿರಬೇಕು, ಫೀಸು 20,000, ಹತ್ತು ವರ್ಷಕ್ಕೆ. ನಂಬರಲ್ಲಿ 'ವಿಎ' ಅಂತ ಬರುತ್ತೆ. ಆದ್ರೆ ಗಾಡಿ ಮೂಲರೂಪದಲ್ಲೇ ಇರಬೇಕು. ದಿನಾ ಓಡಿಸೋ ಹಾಗೂ ಇಲ್ಲ."

"ಓಡೋದು ಹೇಗೂ ಇಲ್ಲವಲ್ಲ," ಎಂದೆ ನಾನು. ಗೌಡ ನನಗೆ ಎರಡನೇ ಕಾಫಿ ಕೊಡಿಸಲಿಲ್ಲ.

ಆಮೇಲೆ ಒಳಗೆ ಹೋಗಿ ನಾಲ್ಕು ಲೀಟರ್ ಬಣ್ಣದ ಡಬ್ಬ ತಂದ. ಆಲಿವ್ ಗ್ರೀನ್. ಲಾಯರು ತಲೆ ಚಚ್ಚಿಕೊಂಡರು. ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ, ಬೇರೆಯವರು ಬಳಿಯುವಂತಿಲ್ಲ.

"ಸ್ವಲ್ಪ ಹಳದಿ ಬೆರೆಸಿದ್ರೆ?"

"ಹಲಸಿನಕಾಯಿ ಬಣ್ಣ ಆಗುತ್ತೆ. ಕೇಸು ಬೀಳಲ್ಲ, ಮರ್ಯಾದೆ ಹೋಗುತ್ತೆ."

"ಇದರ ಬದಲು ಜೋಂಗಾ ತಗೋಬೇಕಿತ್ತು," ಎಂದು ಗೌಡ ನಿಟ್ಟುಸಿರಿಟ್ಟ. ಹವಾಲ್ದಾರ್ ಮಾವ ಜೋರಾಗಿ ನಕ್ಕರು. ಜೋಂಗಾ ಅಂದರೆ ಜಬಲ್ಪುರ್ ಆರ್ಡ್‌ನೆನ್ಸ್ ಅಂಡ್ ಗನ್‌ಕ್ಯಾರೇಜ್ ಅಸೆಂಬ್ಲಿ. ನಿಸಾನ್ ಮೂಲದ ಮಿಲಿಟರಿ ಗಾಡಿ, ಆರು ಸಿಲಿಂಡರ್, 3956 ಸಿಸಿ ಪೆಟ್ರೋಲ್. "ಲೀಟರಿಗೆ ನಾಲ್ಕೈದು ಕಿಲೋಮೀಟರ್. ಸರ್ಕಾರದ ದುಡ್ಡಲ್ಲಿ ಓಡಿಸೋಕೆ ಚೆನ್ನ."

ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜೀಪು ಹತ್ತಿಸುವ ಹುಡುಗರಿಗೆ ಈ ಹರಟೆ ಕೇಳಿಸಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅವರು ಸ್ಪ್ರಿಂಗ್ ಪಟ್ಟಿ ಬದಲಾಯಿಸುತ್ತಾರೆ, ಫ್ಲೋರಿಗೆ ತಗಡು ಬೆಸೆಯುತ್ತಾರೆ, ಮತ್ತೆ ಗುಡ್ಡ ಹತ್ತುತ್ತಾರೆ. ಅದಕ್ಕೆ ರಿಸ್ಟೊರೇಶನ್ ಅಂತ ಹೆಸರಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಗೌಡ ಹಟ ಬಿಡಲಿಲ್ಲ. ಜೀಪನ್ನು ಪೂರ್ತಿ ಬಿಚ್ಚಿಸಿದ. ಪುಟ್ಟಿ ಕೆರೆದಾಗ ಬಾಡಿ ಅರ್ಧಕ್ಕರ್ಧ ಮಾಯವಾಯಿತು. ಚಾಸಿ ರೆಡ್ ಆಕ್ಸೈಡ್ ಬಳಿಸಿಕೊಂಡು ನಾಲ್ಕು ಕಲ್ಲಿನ ಮೇಲೆ ನಿಂತಿತು. ಚಕ್ರಗಳು ಟೈರ್ ಅಂಗಡಿಗೆ ಹೋದವು. ಆಲಿವ್ ಗ್ರೀನ್ ಬಣ್ಣವನ್ನು ಅತ್ತಿಗೆ ಕೊಟ್ಟಿಗೆ ಬಾಗಿಲಿಗೆ ಬಳಿಸಿದರು. ಈಗ ಹವಾಲ್ದಾರ್ ಮಾವ ಹಾಲಿಗೆ ಹೋದಾಗಲೆಲ್ಲ ಬಾಗಿಲ ಮುಂದೆ ಅಟೆನ್ಷನ್ನಲ್ಲಿ ನಿಲ್ಲುತ್ತಾರೆ.

ಆಯುಧಪೂಜೆಗೆ ನಮ್ಮನ್ನೆಲ್ಲ ಕರೆದಿದ್ದ. ಮಣೆಯ ಮೇಲೆ ಬಾಳೆಲೆ, ಎಲೆಯ ಮೇಲೆ ಆ ಎಫ್ ಬೋಲ್ಟು. ಅದಕ್ಕೇ ಅರಿಶಿನ, ಕುಂಕುಮ, ಸೇವಂತಿಗೆ. ಮಂಗಳಾರತಿ ಆಯಿತು. ಗೌಡ ನಾಲ್ಕು ನಿಂಬೆಹಣ್ಣು ಹಿಡಿದು ಚಾಸಿಯ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಇಡಲು ಚಕ್ರವೇ ಇರಲಿಲ್ಲ.

ಅತ್ತಿಗೆ ಕೈಚಾಚಿ ನಿಂಬೆಹಣ್ಣು ಇಸಿದುಕೊಂಡರು. ಐದು ನಿಮಿಷದಲ್ಲಿ ಎಲ್ಲರಿಗೂ ಒಂದೊಂದು ಲೋಟ ಪಾನಕ ಬಂತು.