ಸಹಾಯ ಬೇಕು: ಮಕ್ಕಳು ಒಬ್ಬರ ಬರಹ ಒಬ್ಬರು ತಿದ್ದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಅದು ದ್ವಿತೀಯ ಭಾಷೆ. ಒಂಬತ್ತನೇ ಕ್ಲಾಸಿನಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದಲಿ ಅಂತ ಶುರು ಮಾಡಿದ್ದೇನೆ.

ಕಷ್ಟ ಏನಂದ್ರೆ, ಎಲ್ಲರ ಕಣ್ಣೂ ಸ್ಪೆಲ್ಲಿಂಗ್ ಮೇಲೆಯೇ. ಮೊನ್ನೆ ಒಬ್ಬ ಹುಡುಗ ಮನೆಯ ಅಡಿಕೆ ಕೊಯ್ಲಿನ ಬಗ್ಗೆ ಬರೆದಿದ್ದ. ಕೊನೆಗಾರ ಮರ ಹತ್ತಿದ, ಮುಂದಿನ ಸಾಲಿನಲ್ಲೇ ಅಡಿಕೆ ಮಾರಾಟವೂ ಆಗಿಹೋಯಿತು! ಸುಲಿದದ್ದು, ಬೇಯಿಸಿದ್ದು, ಒಣಗಿಸಿದ್ದು ಒಂದೂ ಇಲ್ಲ. ಜೊತೆಯ ಹುಡುಗಿ ಎರಡು ಸ್ಪೆಲ್ಲಿಂಗ್‌ಗೆ ಗೆರೆ ಎಳೆದು 'ಗುಡ್' ಅಂತ ಬರೆದುಕೊಟ್ಟಳು. ಅವಳ ಮನೆಯಲ್ಲೂ ತೋಟ ಇದೆ! 'ಎ', 'ದಿ' ಬಿಟ್ಟುಹೋದದ್ದು ಇಬ್ಬರಿಗೂ ಕಾಣಲಿಲ್ಲ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ, ಅವರ ತಪ್ಪೇನು ಬಿಡಿ. ಇನ್ನು ಆಪ್ತ ಗೆಳೆಯರಾದರೆ, ಬೇಜಾರಾಗುತ್ತದೆ ಅಂತ ತಪ್ಪು ತೋರಿಸುವುದೇ ಇಲ್ಲ.

ಆದರೂ ಬಿಡಲು ಮನಸ್ಸಿಲ್ಲ. ಲುಂಡ್‌ಸ್ಟ್ರಮ್ ಮತ್ತು ಬೇಕರ್ ಅವರ 2009ರ ಅಧ್ಯಯನದಲ್ಲಿ, ಸಲಹೆ ಪಡೆದವರಿಗಿಂತ ಸಲಹೆ ಕೊಟ್ಟವರ ಸ್ವಂತ ಬರಹವೇ ಜಾಸ್ತಿ ಸುಧಾರಿಸಿತ್ತು.

ಸದ್ಯಕ್ಕೆ, ಮೊದಲ ಸಲ ಓದುವಾಗ ಪೆನ್ನು ಮುಟ್ಟಬೇಡಿ, ಅರ್ಥವಾಗದ ಕಡೆ ಒಂದು ಪ್ರಶ್ನೆ ಕೇಳಿ ಅಂದಿದ್ದೇನೆ. ಪ್ರಶ್ನೆ ಕನ್ನಡದಲ್ಲಿ ಇದ್ದರೆ ತಪ್ಪಿಲ್ಲ ಅಲ್ವಾ? ನೀವು ಜೋಡಿ ಹೇಗೆ ಆರಿಸುತ್ತೀರಿ? ಚುರುಕಿನವರ ಜೊತೆ ಹಿಂದಿರುವವರನ್ನೋ, ಸಮಸಮರನ್ನೋ? 40 ನಿಮಿಷದ ಪಿರಿಯಡ್‌ನಲ್ಲಿ ಮುಗಿಯುವ ಪ್ರಶ್ನೆಗಳ ಚೀಟಿ ಯಾರ ಹತ್ತಿರವಾದರೂ ಇದ್ದರೆ ಫೋಟೋ ಹಾಕಿ. ಮಳೆ ಜೋರಾದರೆ ಇಲ್ಲಿ ನೆಟ್‌ವರ್ಕ್ ಹೋಗುತ್ತದೆ, ನನ್ನ ಉತ್ತರ ತಡವಾದೀತು.