ಸೆಗ್ಮೆಂಟ್ ಸೇತುವೆ ಎಲ್ಲ ಕಡೆಗೂ ಹೊಂದುತ್ತದೆಯೇ?

ಶ್ರೀಧರ: ಈ ವಿಡಿಯೋ ನೋಡಿ. ಗ್ಯಾಂಟ್ರಿ ಎಂಬ ದೈತ್ಯ ಎತ್ತುಯಂತ್ರ ಮೊದಲೇ ಎರಕ ಹೊಯ್ದ ಪೆಟ್ಟಿಗೆಯಾಕಾರದ ಕಾಂಕ್ರೀಟ್ ತುಂಡುಗಳನ್ನು, ಅಂದರೆ ಸೆಗ್ಮೆಂಟ್‌ಗಳನ್ನು, ಎತ್ತಿ ಜೋಡಿಸುತ್ತಿದೆ, ಕೆಳಗೆ ವಾಹನಗಳು ಓಡಾಡುತ್ತಲೇ ಇವೆ. ಎಲ್ಲ ಸೇತುವೆಗಳನ್ನೂ ಹೀಗೇ ಕಟ್ಟಬಾರದೇ?

ವಾಣಿ: ಬೇಡ. ಸೆಗ್ಮೆಂಟ್ ಎರಕ ಹೊಯ್ಯುವ ಕಾಸ್ಟಿಂಗ್ ಯಾರ್ಡ್, ಅಚ್ಚು, ಟ್ರೇಲರ್, ಗ್ಯಾಂಟ್ರಿ ಇವಕ್ಕೆಲ್ಲ ಮೊದಲೇ ಹಣ ಸುರಿಯಬೇಕು. ನೂರಾರು ಸೆಗ್ಮೆಂಟ್‌ಗಳಿದ್ದರೆ ಆ ಖರ್ಚು ಹಂಚಿಹೋಗುತ್ತದೆ. ಮೂರೇ ಅಂಕಣದ (ಅಂಕಣ ಎಂದರೆ ಎರಡು ಕಂಬಗಳ ನಡುವಿನ ಭಾಗ) ಸೇತುವೆಗೆ ಅದು ದಂಡ.

ಶ್ರೀಧರ: ಅಂಕಣ ಉದ್ದವಾಗಿದ್ದರೆ?

ಮಂಜುನಾಥ: ಉದ್ದದ ಮಾತು ಆಮೇಲೆ, ಕೆಳಗೇನಿದೆ ಎಂದು ಮೊದಲು ಕೇಳು. ಗಟ್ಟಿ ನೆಲ, 30 ಮೀಟರ್ ಅಂಕಣ, ನೇರ ರಸ್ತೆ ಎಂದಾದರೆ ಗರ್ಡರ್‌ಗಳನ್ನು, ಅಂದರೆ ಉದ್ದ ತೊಲೆಗಳನ್ನು, ಕ್ರೇನ್‌ನಲ್ಲಿ ಎತ್ತಿಟ್ಟು ಮುಗಿಸಬಹುದು. ಆಳವಾದ ಕಣಿವೆಯೋ ಹಡಗು ಸಾಗುವ ನದಿಯೋ ಇದ್ದು ಕೆಳಗಿನಿಂದ ಆಧಾರ ಕೊಡುವ ಸೆಂಟ್ರಿಂಗ್‌ಗೆ ಜಾಗವೇ ಇಲ್ಲದಿದ್ದಾಗ ಕಂಬದ ಎರಡೂ ಬದಿಗೆ ತುಂಡು ತುಂಡಾಗಿ ಸಮತೂಕದಲ್ಲಿ ಮುಂದುವರಿಯಬೇಕು. 1951ರಲ್ಲಿ ಜರ್ಮನಿಯ ಲಾನ್ ನದಿಯ ಮೇಲೆ ಎಂಜಿನಿಯರ್ ಫಿನ್‌ಸ್ಟರ್‌ವಾಲ್ಡರ್ 62 ಮೀಟರ್ ದಾಟಿದ್ದು ಸೆಂಟ್ರಿಂಗ್ ಇಲ್ಲದೆ ಹೀಗೆ ಮುಂದಕ್ಕೆ ಚಾಚುತ್ತಲೇ.

ವಾಣಿ: ಅದು ಸ್ಥಳದಲ್ಲೇ ಎರಕ ಹೊಯ್ದದ್ದು, ಮಂಜು. ಅಂಕಣ ತೀರಾ ಉದ್ದವಾದರೆ ಕಂಬದ ಬಳಿ ಪೆಟ್ಟಿಗೆಯ ಆಳ ಹೆಚ್ಚಿ, ಸೆಗ್ಮೆಂಟ್ ಎತ್ತಲಾಗದಷ್ಟು ಭಾರವಾಗುತ್ತದೆ. ಆಗ ಯಾರ್ಡ್ ಬಿಟ್ಟು ಅಲ್ಲಿಯೇ ಹೊಯ್ಯುವುದೇ ವಾಸಿ. ಯಾರ್ಡಿನಲ್ಲಿ ಹಿಂದಿನ ಸೆಗ್ಮೆಂಟಿನ ಮುಖವೇ ಮುಂದಿನದಕ್ಕೆ ಅಚ್ಚು. ಅಂಟಿಕೊಳ್ಳದಂತೆ ಲೇಪ ಹಚ್ಚಿ ಹೊಯ್ಯುತ್ತಾರೆ, ಗಟ್ಟಿಯಾದ ಮೇಲೆ ಬಿಡಿಸಿ ಸಂಖ್ಯೆ ಬರೆಯುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ತುದಿಗೆ ಹೋಗುವಷ್ಟರಲ್ಲಿ ಅಂಗುಲಗಟ್ಟಲೆ ತಪ್ಪುತ್ತದೆ. ಪ್ರತಿದಿನ ಅಳತೆ ನೋಡುವ ಸರ್ವೇಯರ್ ಇಲ್ಲದ ಕಡೆ ಈ ವಿಧಾನದ ತಂಟೆಗೇ ಹೋಗಬಾರದು.

ಶ್ರೀಧರ: ಆದರೂ ಬೇಗ ಮುಗಿಯುತ್ತದಲ್ಲ?

ಮಂಜುನಾಥ: ಅಡಿಪಾಯ ನಡೆಯುವಾಗಲೇ ಸೆಗ್ಮೆಂಟ್‌ಗಳು ತಯಾರಾಗುತ್ತವೆ, ಒಪ್ಪುತ್ತೇನೆ. ನನಗೆ ಅಂಜಿಕೆ ಬಾಳಿಕೆಯದು. ವೇಲ್ಸ್‌ನ ಇನಿಸ್-ಅ-ಗ್ವಾಸ್ ಸೇತುವೆ 1985ರಲ್ಲಿ ಸುಳಿವೇ ಕೊಡದೆ ಕುಸಿಯಿತು. ಸೆಗ್ಮೆಂಟ್‌ಗಳ ನಡುವಿನ ಗಾರೆಯ ಸಂದುಗಳಲ್ಲಿ ಉಪ್ಪುನೀರು ಇಳಿದು ಸೆಗ್ಮೆಂಟ್‌ಗಳನ್ನು ಬಿಗಿದು ಹಿಡಿಯುವ ಒಳಗಿನ ಉಕ್ಕಿನ ತಂತಿಗಳು ತುಕ್ಕು ಹಿಡಿದಿದ್ದವು.

ವಾಣಿ: ಅದು ಎಪಾಕ್ಸಿ ಅಂಟು ಇಲ್ಲದ ಹಳೆಯ ಗಾರೆ ಸಂದು. ಅದನ್ನೇ ಹಿಡಿದುಕೊಂಡು ವಿಧಾನವನ್ನೇ ತಳ್ಳಿಹಾಕುವುದು ಅನ್ಯಾಯ.

ಮಂಜುನಾಥ: ತಳ್ಳಿಹಾಕುತ್ತಿಲ್ಲ. ಎಪಾಕ್ಸಿ ಬಂದರೂ ತಂತಿ ಸಾಗುವ ಕೊಳವೆಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ಸರಿಯಾಗಿ ತುಂಬದಿದ್ದರೆ ಒಳಗಿನ ಟೊಳ್ಳು ಯಾರ ಕಣ್ಣಿಗೂ ಬೀಳುವುದಿಲ್ಲ. ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವ್‌ನ ಸೇತುವೆಯದು ಬೇರೆಯೇ ಕಥೆ. 1977ರದ್ದು, 241 ಮೀಟರ್ ಅಂಕಣ. ನಡುವೆ ಒಂದು ಮೀಟರಿಗೂ ಹೆಚ್ಚು ಜಗ್ಗಿತು. ದುರಸ್ತಿ ಮಾಡಿದ ಕೆಲವೇ ತಿಂಗಳಲ್ಲಿ, 1996ರಲ್ಲಿ, ಬಿದ್ದೇ ಹೋಯಿತು.

ಶ್ರೀಧರ: ಹಾಗಾದರೆ ಯಾವಾಗ ಒಪ್ಪುತ್ತೀರಿ?

ವಾಣಿ: ಅಂಕಣಗಳು ಬಹಳ, ಕೆಳಗೆ ನಿಲ್ಲಲು ಜಾಗವಿಲ್ಲ, ದಾರಿಯಲ್ಲಿ ತಿರುವುಗಳಿವೆ ಎಂದಾದರೆ ಕಣ್ಣು ಮುಚ್ಚಿ ಒಪ್ಪುತ್ತೇನೆ.

ಮಂಜುನಾಥ: ನಾನು ಕಣ್ಣು ತೆರೆದು. ಪ್ರತಿ ಕೊಳವೆಯ ಗ್ರೌಟಿಂಗ್ ಪರೀಕ್ಷೆಗೆ ಬೇರೆಯೇ ಹಣ ಇಟ್ಟಿದ್ದರೆ ಮಾತ್ರ.

ವಾಣಿ: ಅದನ್ನು ಟೆಂಡರ್ ಕರೆಯುವವರಿಗೆ ಹೇಳು, ನನಗಲ್ಲ.