ಹಳೇ ಶಾಲೆ ಕಟ್ಟಡ: ಮಳೆಗೆ ಮುಂಚೆ ಆಗಬೇಕಾದ ಕೆಲಸ

ಅಡ್ಮಿನ್, 3ನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ನಮ್ಮ ಮೊಹಲ್ಲಾದ ಸರ್ಕಾರಿ ಶಾಲೆಯ ಹಳೇ ಹೆಂಚಿನ ಕಟ್ಟಡ ಕೆಡವುವ ಮಾತು ಎದ್ದಿದೆ. ಅದನ್ನು ಉಳಿಸಿ ಅಂತ ಬರೀ ಸಹಿ ಹಾಳೆ ಹಿಡಿದು ಹೋದರೆ, ‘ಮಕ್ಕಳ ಮೇಲೆ ಬಿದ್ದರೆ ಯಾರು ಹೊಣೆ?’ ಅಂತ ಕೇಳಿದ ತಕ್ಷಣ ನಮ್ಮ ಬಾಯಿ ಕಟ್ಟುತ್ತೆ. ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮೈಸೂರಲ್ಲೇ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆ, 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜು, ಮೂರರಲ್ಲೂ ಒಂದೊಂದು ಭಾಗ ಕುಸಿದದ್ದು ಮಳೆಯ ತಿಂಗಳುಗಳಲ್ಲೇ. ಹಾಗಾಗಿ ಕಟ್ಟಡದ ಸ್ಥಿತಿ, ರಿಪೇರಿ ಪಟ್ಟಿ, ಅಂದಾಜು ಖರ್ಚು ಕೈಯಲ್ಲಿಟ್ಟುಕೊಂಡೇ ಮನೆಮನೆಗೆ ಹೋಗೋಣ. ಗೊತ್ತಿರುವವರು ಬರೆಯಿರಿ.

ಸಿವಿಲ್ ಎಂಜಿನಿಯರ್, 1ನೇ ಕ್ರಾಸ್
ಮೊದಲು ಬಿರುಕು ಬೆಳೀತಿದೆಯೋ ನಿಂತಿದೆಯೋ ನೋಡಬೇಕು. ಬಿರುಕಿಗೆ ಅಡ್ಡಲಾಗಿ, ಮೇಲೊಂದು ಕೆಳಗೊಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲೇ ತಾರೀಖು ಬರೆಯಿರಿ. ಎರಡೂ ತುದಿ ಸುಣ್ಣದ ಮೇಲಲ್ಲ, ಗಟ್ಟಿ ಗೋಡೆಗೇ ಹಿಡಿದಿರಬೇಕು. 15 ದಿನಕ್ಕೊಮ್ಮೆ ಫೋಟೋ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಆಗ ಗಾರೆ ಮೆತ್ತಿ ಮುಚ್ಚಿದರೆ ಏನೂ ಉಪಯೋಗವಿಲ್ಲ, ಪಾಯ ನೋಡಬೇಕು.

ತೊಲೆಗಳು ನಡುವೆ ಚೆನ್ನಾಗಿ ಕಂಡರೂ ನಂಬಬೇಡಿ. ಗೋಡೆಯೊಳಗೆ ಕೂತಿರುವ ತುದಿಯೇ ಮೊದಲು ಕೊಳೆಯೋದು. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ, ಅರ್ಧ ಇಂಚು ಸಲೀಸಾಗಿ ಇಳಿದರೆ ಗುರುತು ಹಾಕಿ. ಈ ಪರೀಕ್ಷೆಯನ್ನು ಎಂಜಿನಿಯರ್ ಜೊತೆಗಿದ್ದಾಗ ಮಾತ್ರ ಮಾಡಿ. ಅಲ್ಲೀತನಕ ಗೋಡೆ ಎಷ್ಟು ಎತ್ತರವೋ ಅಷ್ಟು ದೂರಕ್ಕೆ ಹಗ್ಗ ಕಟ್ಟಿ, ಮಕ್ಕಳನ್ನು ಬಿಡಬೇಡಿ. ಎನ್‌ಐಇ ಅಥವಾ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಿಂದ ಲಿಖಿತ ವರದಿ ಸಿಕ್ಕರೆ ಕಚೇರಿಯಲ್ಲಿ ತೂಕ ಬರುತ್ತೆ.

5ನೇ ಕ್ರಾಸ್
ಸಿಮೆಂಟ್ ಹೊಡೆದರೆ ಬೇಗ ಮುಗಿಯಲ್ವಾ ಮೇಸ್ತ್ರಿಗಳೇ? ಸುಣ್ಣಕ್ಕೆ ಈಗ ಕೆಲಸಗಾರರು ಸಿಗ್ತಾರಾ?

ಗಾರೆ ಮೇಸ್ತ್ರಿ, ಹಿಂದಿನ ಬೀದಿ
ಸಿಗ್ತಾರೆ ಸಾರ್, ಹುಡುಕಬೇಕು. ಆದ್ರೆ ಆ ಗೋಡೆಗೆ ಸಿಮೆಂಟ್ ಮಾತ್ರ ಬೇಡ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ನೆಲದ ತೇವ ಕುಡಿಯುತ್ತೆ, ಮೈಯಿಂದಲೇ ಆರಿಸಿಕೊಳ್ಳುತ್ತೆ. ಮೇಲೆ ಸಿಮೆಂಟ್ ಬಳಿದ್ರೆ ತೇವಕ್ಕೆ ದಾರಿ ಇಲ್ಲ, ಮೇಲಕ್ಕೆ ಹತ್ತುತ್ತೆ. ಉಪ್ಪು ಒಳಗೇ ಕಟ್ಟಿಕೊಂಡು ಇಟ್ಟಿಗೆ ಪುಡಿಯಾಗುತ್ತೆ. ಪಡಸಾಲೆಯ ಎಡಗಡೆ ಗೋಡೆಯ ಕೆಳಗಿನ ಮೂರಡಿಗೆ ಹಿಂದೆ ಯಾವಾಗಲೋ ಯಾರೋ ಸಿಮೆಂಟ್ ಹಾಕಿದಾರಲ್ಲ, ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಡಬಡಬ ಅನ್ನುತ್ತೆ. ಅದರ ಮೇಲಂಚಲ್ಲೇ ಬಿಳಿ ಉಪ್ಪು ಹೂಬಿಟ್ಟಿದೆ. ಮೊದಲು ಅದನ್ನ ಸಣ್ಣ ಉಳಿಯಲ್ಲಿ ಬಿಡಿಸಬೇಕು. ಮೆಷಿನ್ ಹಚ್ಚಿದ್ರೆ ಇಟ್ಟಿಗೆಯೂ ಕಿತ್ತು ಬರುತ್ತೆ.

ಸುಟ್ಟ ಸುಣ್ಣದ ಕಲ್ಲನ್ನ ನೀರಲ್ಲಿ ಅರಳಿಸಿ, ಸೋಸಿ, ಕನಿಷ್ಠ 15 ದಿನ ನೀರಿನಡಿ ಬಿಡಬೇಕು. ತಿಂಗಳಾದ್ರೆ ಇನ್ನೂ ಒಳ್ಳೇದು. ಅವಸರಕ್ಕೆ ಬೇಗ ತೆಗೆದ್ರೆ ಅರಳದ ಕಾಳು ಗೋಡೆ ಮೇಲೆ ಆಮೇಲೆ ಅರಳಿ, ಗಾರೆ ಬೊಕ್ಕೆ ಬೊಕ್ಕೆಯಾಗಿ ಎದ್ದು ಬೀಳುತ್ತೆ. ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಮೊದಲು ಮೂರಡಿ ಚೌಕ ಬಳಿದು ನೋಡೋದು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ. ಒದ್ದೆ ಗೋಣಿತಾಟು ಇಳಿಬಿಟ್ಟು ವಾರವಾದ್ರೂ ತಣ್ಣಗಿಡಬೇಕು, ಬಿಸಿಲಿಗೆ ಒಣಗಿದ್ರೆ ಜೇಡರ ಬಲೆ ಥರ ಸೀಳುತ್ತೆ.

ಇನ್ನೊಂದು. ಹಿಂದಿನ ಗೋಡೆಯ ಅರಳಿ ಸಸಿ ಯಾರೂ ಕೀಳಬೇಡಿ. ಬೇರಿನ ಜೊತೆ ಇಟ್ಟಿಗೆಯೂ ಬರುತ್ತೆ. ಬುಡಕ್ಕೆ ಕೊಯ್ದು, ಕೊಯ್ದ ಜಾಗಕ್ಕೆ ತಕ್ಷಣ ಕಳೆನಾಶಕ ಸವರಿ, ಬೇರು ಸತ್ತ ಮೇಲೆ ಬಿಡಿಸಿ ಸುಣ್ಣದ ಗಾರೆ ತುಂಬೋದು.

ಅಡ್ಮಿನ್
ಹೆಂಚಿನ ಲೆಕ್ಕ?

ಸಿವಿಲ್ ಎಂಜಿನಿಯರ್
50×20 ಅಡಿ ಹಜಾರ. ಇಳಿಜಾರು, ಚಾಚು ಸೇರಿ ಮಾಡು ಸುಮಾರು 1,400 ಚದರಡಿ. ಮಂಗಳೂರು ಹೆಂಚು ನೂರು ಚದರಡಿಗೆ ಹತ್ತಿರ ಹತ್ತಿರ 140, ಅಂದ್ರೆ ಒಟ್ಟು 1,960. ಅರ್ಧ ಮರುಬಳಕೆಗೆ ಸಿಕ್ಕರೆ, ಒಡೆಯೋದಕ್ಕೆ ನೂರಕ್ಕೆ ಹತ್ತು ಸೇರಿಸಿ 1,080 ತರಬೇಕು. ಹೊಸದು ಹಳೇ ಹೆಂಚಿನ ಅಚ್ಚಿಗೆ ಸರಿಯಾಗಿ ಕೂರದಿದ್ದರೆ ಗಾಳಿಮಳೆಗೆ ನೀರು ಒಳಬರುತ್ತೆ. ಹಳೇ ಹೆಂಚು ಒಂದನ್ನ ಜೊತೆಗೆ ಒಯ್ದು ಹೊಂದಿಸಿಯೇ ಕೊಳ್ಳಿ. ಈ ಮಳೆಯ ಮಟ್ಟಿಗೆ ಟಾರ್ಪಾಲು ಸಾಕು. ಮೊಳೆ ಬೇಡ, ಹಗ್ಗಕ್ಕೆ ಮರಳು ಮೂಟೆ ಕಟ್ಟಿ ಇಳಿಬಿಡಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ
ಕಟ್ಟಡ ಶಿಕ್ಷಣ ಇಲಾಖೆಯದು. ಅನುಮತಿ ಬರೋವರೆಗೆ ಗುಂಪಿನವರು ಒಂದು ಹೆಂಚೂ ಮುಟ್ಟುವ ಹಾಗಿಲ್ಲ, ಟಾರ್ಪಾಲಿಗೂ ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು. ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಠರಾವು, ಅದರ ಪ್ರತಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೆ) ಮನವಿ. ಪುರಾತತ್ವ ಇಲಾಖೆಯ ಆಯುಕ್ತರ ಕಚೇರಿ ಮೈಸೂರಲ್ಲೇ ಇದೆ, ಅಲ್ಲಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿ.

ಕಟ್ಟಡ ‘ಶಿಥಿಲ’ ಅಂತ ಯಾರು, ಯಾವತ್ತು, ಏನು ನೋಡಿ ಬರೆದರು ಅನ್ನೋದನ್ನ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಹತ್ತು ರೂಪಾಯಿ ಶುಲ್ಕ, 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜಾಗದ ದಾಖಲೆಗೆ ಬೇರೆ ಅರ್ಜಿ ಹಾಕಿ.

ಸಹಿಯಲ್ಲಿ ಈಗ ಓದುತ್ತಿರುವ ಮಕ್ಕಳ ತಂದೆತಾಯಿಯರದು ಮೊದಲ ಹಾಳೆ. ಹಳೇ ವಿದ್ಯಾರ್ಥಿಗಳಿಗೆ, ನಿವಾಸಿಗಳಿಗೆ ಬೇರೆ ಬೇರೆ ಹಾಳೆ, ಮನೆ ನಂಬರ್ ಸಮೇತ.

ಲೆಕ್ಕಪರಿಶೋಧಕಿ, 2ನೇ ಕ್ರಾಸ್
ದುಡ್ಡು ಯಾರ ಸ್ವಂತ ಫೋನ್‌ಪೇಗೂ ಬೇಡ. ನೂರು ರೂಪಾಯಿಗೂ ರಸೀದಿ ಇರಲಿ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣಕ್ಕೆ ಐತಿಹಾಸಿಕ ಕಟ್ಟಡದ ಜೀರ್ಣೋದ್ಧಾರವೂ ಅರ್ಹ, ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲೇ ಇದೆ. ಆದರೆ ಏಳು ಜನ ಸೇರಿ ಈಗ ಸಂಘ ನೋಂದಾಯಿಸಿದರೆ ಅದಕ್ಕೆ ಸಿಗಲ್ಲ, ಮೂರು ವರ್ಷದ ಕೆಲಸದ ದಾಖಲೆ ಕೇಳ್ತಾರೆ. ತೆರಿಗೆ ವಿನಾಯಿತಿಯ ಎರಡು ನೋಂದಣಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 12ಎ, 80ಜಿ), ಕಂಪನಿಗಳ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ಮೂರೂ ಇರುವ ಟ್ರಸ್ಟ್ ಜೊತೆ ಸೇರೋದು ಹತ್ತಿರದ ದಾರಿ. ದುರಸ್ತಿ ಆದ ಮೇಲೆ ಕಟ್ಟಡ ಯಾತಕ್ಕೆ ಅಂತಲೂ ಮನವಿಯಲ್ಲೇ ಬರೆಯಿರಿ. ಬೀಗ ಹಾಕಿಟ್ಟರೆ ಮತ್ತೆ ಗೆದ್ದಲು. ವಾಚನಾಲಯ ಅಂದರೆ ದಿನಾ ಬಾಗಿಲು ತೆಗೀತಾರೆ.

ಅಡ್ಮಿನ್
ಭಾನುವಾರ ಬೆಳಿಗ್ಗೆ 8ಕ್ಕೆ ಶಾಲೆ ಗೇಟಿನ ಹತ್ತಿರ. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಆವತ್ತು ಹಗ್ಗ, ಗಾಜು, ಫೋಟೋ ಮಾತ್ರ. ಗಾಜಿನ ಪಟ್ಟಿ ಎಷ್ಟು ಬೇಕು?

ಸಿವಿಲ್ ಎಂಜಿನಿಯರ್
ಕಣ್ಣಿಗೆ ಬಿದ್ದ ಬಿರುಕು ಏಳು. 14 ಪಟ್ಟಿ, ಎರಡು ಹೆಚ್ಚಿಗೆ ಇರಲಿ.

5ನೇ ಕ್ರಾಸ್
ಗಾಜು ಕತ್ತರಿಸಿ ತರ್ತೀನಿ. 12 ಅಡಿ ಏಣಿಯೂ ಇದೆ, ಹಿಡಿಯೋಕೆ ಇಬ್ಬರು ಬನ್ನಿ.